ಬ್ಲ್ಯಾಕ್ ಹಾಕ್ ಯುದ್ಧ: ನ್ಯಾಯ ಯಾರ ಕಡೆಗಿತ್ತು?

ಬ್ಲ್ಯಾಕ್‌ಹಾಕ್ಸ್ ಎಂದರೆ ನಿಮಗೆ ಶಿಕಾಗೋದ ಐಸ್ ಹಾಕಿ ತಂಡ. ಆದರೆ ಆ ಹೆಸರಿನ ಒಬ್ಬ ಮನುಷ್ಯ ನಿಜವಾಗಿಯೂ ಇದ್ದ. ಸಾಕ್ ಜನಾಂಗದ ಈ ಮುಖಂಡ ಹುಟ್ಟಿದ್ದು 1767ರಲ್ಲಿ, ರಾಕ್ ನದಿ ಮಿಸ್ಸಿಸ್ಸಿಪ್ಪಿಯನ್ನು ಸೇರುವಲ್ಲಿದ್ದ ಸಾಕೆನಕ್ ಎಂಬ ಊರಿನಲ್ಲಿ. ಅದೇ ಇಂದಿನ ರಾಕ್ ಐಲೆಂಡ್, ಶಿಕಾಗೋದಿಂದ ಕಾರಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಅಲ್ಲಿಂದ ಅವನ ಜನರನ್ನು ಹೊರಗಟ್ಟಲು 1832ರಲ್ಲಿ ನಡೆದ ಯುದ್ಧ ಧರ್ಮವೋ ಅಧರ್ಮವೋ? ಇದೇ ನಮ್ಮ ಪಾಠದ ಪ್ರಶ್ನೆ.

ಸರ್ಕಾರದ ಆಧಾರ ಒಂದು ಕಾಗದ. 1804ರ ನವೆಂಬರ್‌ನಲ್ಲಿ ಸಾಕ್ ಮತ್ತು ಫಾಕ್ಸ್ ಜನರ ಕೆಲವೇ ಮುಖಂಡರು ಸೇಂಟ್ ಲೂಯಿಸ್‌ನಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್‌ನ ಮುಂದೆ ಒಪ್ಪಂದಕ್ಕೆ ಗುರುತು ಹಾಕಿದರು. ಅವರು ಹೋಗಿದ್ದು ಕೊಲೆ ಆರೋಪದಲ್ಲಿ ಸೆರೆಯಲ್ಲಿದ್ದ ತಮ್ಮವನೊಬ್ಬನನ್ನು ಬಿಡಿಸಿಕೊಂಡು ಬರಲು. ಭೂಮಿ ಮಾರುವ ಅಧಿಕಾರವನ್ನು ಜನಾಂಗದ ಸಭೆ ಅವರಿಗೆ ಕೊಟ್ಟಿರಲೇ ಇಲ್ಲ. ಕೈಬಿಟ್ಟದ್ದು ಸುಮಾರು 5 ಕೋಟಿ ಎಕರೆ. ಬಂದದ್ದು 2,234 ಡಾಲರ್ 50 ಸೆಂಟ್ ಬೆಲೆಯ ಸಾಮಾನು, ಜೊತೆಗೆ ವರ್ಷಕ್ಕೆ 1,000 ಡಾಲರ್. ಭೂಮಿ ಸರ್ಕಾರದ ಸ್ವತ್ತಾಗಿರುವ ತನಕ ಅಲ್ಲೇ ಬಾಳಬಹುದು, ಬೇಟೆಯಾಡಬಹುದು ಎಂಬ ಮಾತೂ ಅದರಲ್ಲಿತ್ತು. ಆದರೆ ಸರ್ಕಾರ ಆ ಭೂಮಿಯನ್ನು ಮಾರುವ ಮುಂಚೆಯೇ ವಲಸಿಗರು ಸಾಕೆನಕ್‌ಗೆ ಬಂದು ಬೇಲಿ ಹಾಕತೊಡಗಿದರು.

ಇದನ್ನು ಓದುವಾಗ ನಮಗೆ ಕಿತ್ತೂರು ನೆನಪಾಗುತ್ತದೆ. 1824ರಲ್ಲಿ ದತ್ತುಮಗನನ್ನು ಒಪ್ಪುವುದಿಲ್ಲವೆಂಬ ನೆಪ ಹಿಡಿದು ಈಸ್ಟ್ ಇಂಡಿಯಾ ಕಂಪನಿ ಚೆನ್ನಮ್ಮನ ಸಂಸ್ಥಾನಕ್ಕೆ ಕೈಹಾಕಿತು. ಎರಡೂ ಕಡೆ ಕಾಗದ ಮುಂದೆ, ಫಿರಂಗಿ ಹಿಂದೆ!

1832ರ ಏಪ್ರಿಲ್‌ನಲ್ಲಿ ಬ್ಲ್ಯಾಕ್ ಹಾಕ್ ಸಾವಿರಕ್ಕೂ ಹೆಚ್ಚು ಜನರೊಂದಿಗೆ ಮಿಸ್ಸಿಸ್ಸಿಪ್ಪಿ ದಾಟಿ ಮರಳಿ ಬಂದ. ಅವರಲ್ಲಿ ಆಯುಧ ಹಿಡಿದವರಿದ್ದರು, ನಿಜ. ಹೆಂಗಸರು, ಮಕ್ಕಳು, ಮುದುಕರೂ ಇದ್ದರು. ದಂಡಯಾತ್ರೆಗೆ ಯಾರೂ ಮಕ್ಕಳು ಮರಿ ಕಟ್ಟಿಕೊಂಡು ಹೋಗುವುದಿಲ್ಲ. ಮೇ 14ರಂದು ಅವನು ಬಿಳಿ ಬಾವುಟದೊಂದಿಗೆ ಮೂವರನ್ನು ಕಳಿಸಿದ. ಇಲಿನಾಯ್ ಸ್ವಯಂಸೇವಕ ಪಡೆ ಅವರನ್ನು ಹಿಡಿದಿಟ್ಟುಕೊಂಡು, ಹಿಂದೆ ಬಂದವರ ಮೇಲೆ ಗುಂಡು ಹಾರಿಸಿತು. ಆಮೇಲೆ ಎರಡೂ ಕಡೆ ರಕ್ತ ಹರಿಯಿತು. ಇಂಡಿಯನ್ ಕ್ರೀಕ್‌ನಲ್ಲಿ 15 ವಲಸಿಗರು ಸತ್ತರು. ದಾಳಿ ಮಾಡಿದವರಲ್ಲಿ ಹೆಚ್ಚಿನವರು ಪೊಟವಾಟಮಿ ಜನ. ನೇಪರ್‌ವಿಲ್‌ನವರು ಹೆದರಿ ಫೋರ್ಟ್ ಪೇನ್ ಕಟ್ಟಿಕೊಂಡರು. ಅದರ ಮಾದರಿಯನ್ನು ನೇಪರ್ ಸೆಟಲ್‌ಮೆಂಟ್‌ನಲ್ಲಿ ನೋಡಬಹುದು. ಆ ಹೆದರಿಕೆ ಸುಳ್ಳಲ್ಲ.

ಆಗಸ್ಟ್ 1ರಂದು ಬ್ಯಾಡ್ ಆಕ್ಸ್ ನದಿಯ ಬಳಿ (ಈಗಿನ ವಿಸ್ಕಾನ್ಸಿನ್, ಆಗ ಮಿಶಿಗನ್ ಟೆರಿಟರಿ) ಬ್ಲ್ಯಾಕ್ ಹಾಕ್ ಮತ್ತೆ ಬಿಳಿ ಬಾವುಟ ಎತ್ತಿದ. 'ವಾರಿಯರ್' ಎಂಬ ಹಬೆದೋಣಿಯಿಂದ ಫಿರಂಗಿ ಹಾರಿತು. ಮರುದಿನ ನದಿ ದಾಟಲು ಹೊರಟ ಹೆಂಗಸರು ಮಕ್ಕಳೂ ಕೊಲ್ಲಲ್ಪಟ್ಟರು. ಆಗ ಯುದ್ಧಮಂತ್ರಿಯಾಗಿದ್ದ ಲೂಯಿಸ್ ಕ್ಯಾಸ್ ಅದಕ್ಕೆ ಮುಂಚೆ ಮಿಶಿಗನ್ ಗವರ್ನರ್. ಡೆಟ್ರಾಯಿಟ್‌ನ ಕ್ಯಾಸ್ ಅವೆನ್ಯೂ ಅವನ ಹೆಸರಿನದೇ.

ಒಪ್ಪದವರು ಒಂದು ಮಾತು ಹೇಳುತ್ತಾರೆ: ಸಾಕ್ ಜನರೂ ಪೂರ್ವದಿಂದ ಬಂದು, ಬೇರೆಯವರೊಡನೆ ಹೋರಾಡಿಯೇ ಅಲ್ಲಿ ನೆಲೆಸಿದವರಲ್ಲವೇ? ಹೌದು. ನಾವು ಕೂಡ ಐಹೊಳೆ ಶಾಸನದಲ್ಲಿ ಇಮ್ಮಡಿ ಪುಲಕೇಶಿ ಗೆದ್ದ ನಾಡುಗಳ ಪಟ್ಟಿಯನ್ನು ಹೆಮ್ಮೆಯಿಂದ ಓದುತ್ತೇವೆ. ಸೋತವರ ಊರಿನ ಕಥೆ ಕೇಳುವುದಿಲ್ಲ. ಆದರೆ ಹಿಂದೆ ಒಬ್ಬರು ಗೆದ್ದುಕೊಂಡರೆಂಬುದು ಇನ್ನೊಬ್ಬರು ಬಿಳಿ ಬಾವುಟಕ್ಕೆ ಗುಂಡು ಹೊಡೆಯಲು ಪರವಾನಗಿಯಾಗದು. ಈ ಯುದ್ಧ ನ್ಯಾಯದ್ದಲ್ಲವೆಂದೇ ನಮ್ಮ ತೀರ್ಮಾನ.

ಈ ಯುದ್ಧದಲ್ಲಿ 23 ವರ್ಷದ ಅಬ್ರಹಾಂ ಲಿಂಕನ್ ಕೂಡ ಕ್ಯಾಪ್ಟನ್ ಆಗಿದ್ದ. ಕಾದಾಡಲಿಲ್ಲ, ಸೊಳ್ಳೆಗಳ ಜೊತೆ ಮಾತ್ರ ಹೋರಾಡಿದೆನೆಂದು ಆಮೇಲೆ ತಮಾಷೆ ಮಾಡಿದ. ಅದೇ ಲಿಂಕನ್ 1847ರಲ್ಲಿ ಕಾಂಗ್ರೆಸ್ ಸದಸ್ಯನಾಗಿ, ಮೆಕ್ಸಿಕೋ ಯುದ್ಧದ ಮೊದಲ ರಕ್ತ ಯಾರ ನೆಲದಲ್ಲಿ ಬಿತ್ತು, ಆ ಜಾಗ ತೋರಿಸಿ ಎಂದು ಅಧ್ಯಕ್ಷ ಪೋಕ್‌ನನ್ನು ಕೇಳಿದ.

ಪಾಲಕರಿಗೂ ಒಂದು ಮಾತು. ಟ್ರಾಯ್, ನೋವೈ, ಕ್ಯಾಂಟನ್‌ನಲ್ಲಿರುವ ನಮ್ಮ ಮನೆಗಳ ನೆಲ 1807ರ ಡೆಟ್ರಾಯಿಟ್ ಒಪ್ಪಂದದಲ್ಲಿ ಬಂದದ್ದು. ಬ್ಲ್ಯಾಕ್ ಹಾಕ್ ಸೋತ ಮರುವರ್ಷವೇ, 1833ರಲ್ಲಿ, ಶಿಕಾಗೋ ಒಪ್ಪಂದವಾಗಿ ಪೊಟವಾಟಮಿ ಜನ ಇಲ್ಲಿ ಉಳಿದಿದ್ದ ಭೂಮಿಯನ್ನೂ ಬಿಟ್ಟುಕೊಟ್ಟು ಪಶ್ಚಿಮಕ್ಕೆ ಹೋಗಬೇಕಾಯಿತು. ಮನೆಪತ್ರ ತೆಗೆದಾಗ ಮಕ್ಕಳಿಗೆ ಇದನ್ನೂ ಹೇಳಿ.