ಸ್ವಂತ ಲಿನಕ್ಸ್‌ನಲ್ಲಿ ಹಳೆಯ ಲೈಬ್ರರಿಗಳಿಗೂ ಜಾಗ ಮಾಡುವುದು: ಹಂತ ಹಂತವಾಗಿ

ಜೆರಾರ್ಡ್ ಬೀಕ್‌ಮನ್ಸ್ 1999ರಲ್ಲಿ ಆರಂಭಿಸಿದ ‘ಲಿನಕ್ಸ್ ಫ್ರಮ್ ಸ್ಕ್ರ್ಯಾಚ್’ (ಎಲ್‌ಎಫ್‌ಎಸ್) ಪುಸ್ತಕ ಹಿಡಿದು ಇಡೀ ಲಿನಕ್ಸನ್ನು ನೀವೇ ಕಂಪೈಲ್ ಮಾಡಿಕೊಂಡಿದ್ದೀರಿ. ಎಲ್ಲವೂ ಹೊಸತು. ಅಷ್ಟರಲ್ಲಿ ಎಲ್ಲಿಂದಲೋ ತಂದ ಹಳೆಯ ಪ್ರೋಗ್ರಾಂ ಒಂದನ್ನು ಓಡಿಸಿದರೆ, ಲೈಬ್ರರಿ ಸಿಗಲಿಲ್ಲ ಎಂದು ಹೇಳಿ ನಿಂತುಬಿಡುತ್ತದೆ. ಉಬುಂಟು, ಫೆಡೋರಾದಂಥವುಗಳಲ್ಲಿ ಇಂಥ ಕೊರತೆ ತುಂಬಲು ಪ್ಯಾಕೇಜ್ ಮ್ಯಾನೇಜರ್ ಇದೆ. ಇಲ್ಲಿ ಆ ಕೆಲಸ ನಿಮ್ಮದೇ.

ಅತಿ ಸಾಮಾನ್ಯವಾದ ಪ್ರಕರಣ ಎನ್‌ಕ್ರಿಪ್ಷನ್ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನದು. 2021ರ ಸೆಪ್ಟೆಂಬರ್‌ನಲ್ಲಿ ಅದರ 3.0 ಆವೃತ್ತಿ ಬಂತು. 2022ರ ಮಾರ್ಚ್‌ನ ಎಲ್‌ಎಫ್‌ಎಸ್ 11.1 ಅದನ್ನೇ ಬಳಸಿತು. ಹಿಂದಿನ 1.1ಕ್ಕೆಂದು ಕಟ್ಟಿದ ಪ್ರೋಗ್ರಾಂಗಳು ಅಂದಿನಿಂದ ಅನಾಥ. ಅವುಗಳಿಗೆ ಆಸರೆ ಕೊಡುವ ಕ್ರಮ ಹೀಗಿದೆ.

ಹಂತ 1: ಏನು ಬೇಕೆಂದು ತಿಳಿಯಿರಿ

ಪ್ರೋಗ್ರಾಂನ ಮೇಲೆ ‘ರೀಡ್‌ಎಲ್ಫ್’ ಆದೇಶವನ್ನು ಮೈನಸ್ ಡಿ ಆಯ್ಕೆಯೊಂದಿಗೆ ಓಡಿಸಿ. ‘ನೀಡೆಡ್’ ಎಂದಿರುವ ಸಾಲುಗಳಲ್ಲಿ ಅದಕ್ಕೆ ನೇರವಾಗಿ ಬೇಕಾದ ಲೈಬ್ರರಿಗಳ ಹೆಸರಿರುತ್ತದೆ. ‘ಎಲ್‌ಡಿಡಿ’ ಆದೇಶವಾದರೆ ಯಾವುದು ಸಿಕ್ಕಿಲ್ಲ ಎಂಬುದನ್ನೂ ತೋರಿಸುತ್ತದೆ. ಆದರೆ ಕೆಲವು ಸಂದರ್ಭಗಳಲ್ಲಿ ಅದು ಪ್ರೋಗ್ರಾಂ ಅನ್ನೇ ಓಡಿಸಿಬಿಡಬಹುದು. ನಂಬಿಕೆಯಿಲ್ಲದ ಫೈಲಿಗೆ ರೀಡ್‌ಎಲ್ಫ್ ಸಾಕು.

ಹೆಸರಿನ ಕೊನೆಯ ಅಂಕಿ ಗಮನಿಸಿ. ಲಿಬ್‌ಎಸ್‌ಎಸ್‌ಎಲ್ ಹೆಸರು 1.1ರಲ್ಲಿ ಮುಗಿದರೆ ಹಳೆಯದು, 3ರಲ್ಲಿ ಮುಗಿದರೆ ಹೊಸದು. ಇದೇ ‘ಎಸ್‌ಒ ನೇಮ್’. ಹೊಂದಾಣಿಕೆ ಮುರಿದಾಗಲೇ ಈ ಅಂಕಿ ಬದಲಾಗುವುದು. ಹೆಸರು ಬೇರೆಯಾಗಿರುವುದರಿಂದ ಎರಡೂ ಒಂದೇ ಯಂತ್ರದಲ್ಲಿ ಜಗಳವಿಲ್ಲದೆ ಇರಬಲ್ಲವು.

ಹಂತ 2: ಅಡ್ಡದಾರಿ ಹಿಡಿಯಬೇಡಿ

ಹೊಸ ಲೈಬ್ರರಿಗೆ ಹಳೆಯ ಹೆಸರಿನ ಸಿಮ್‌ಲಿಂಕ್ ಕೊಡುವ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ಅದು ನಡೆಯುವುದಿಲ್ಲ. ಲೈಬ್ರರಿಯ ಒಳಗಿನ ಒಂದೊಂದು ಫಂಕ್ಷನ್‌ಗೂ ಆವೃತ್ತಿಯ ಮುದ್ರೆ ಇರುತ್ತದೆ, ಪ್ರೋಗ್ರಾಂ 1.1ರ ಮುದ್ರೆ ಕೇಳುತ್ತದೆ, ಸಿಗುವುದು 3.0ರದು. ಇಂಥ ಮುದ್ರೆಯೇ ಇಲ್ಲದ ಲೈಬ್ರರಿಗಳಲ್ಲಿ ಇನ್ನೂ ಅಪಾಯ: ಪ್ರೋಗ್ರಾಂ ಆರಂಭವಾಗಿ ನಡುವೆ ಕುಸಿಯಬಹುದು.

ಸಿಸ್ಟಂನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿ ಮಾತ್ರ ಬೇರೆಯೇ ಕಥೆ. ಅದು ಹಳೆಯ ಮುದ್ರೆಗಳನ್ನೂ ಉಳಿಸಿಕೊಂಡು ಬರುತ್ತದೆ. ಆದ್ದರಿಂದ ಹಳೆಯ ಪ್ರೋಗ್ರಾಂಗಾಗಿ ಹಳೆಯ ಜಿಲಿಬ್‌ಸಿಯನ್ನು ಸಿಸ್ಟಂ ಮೇಲೆ ಹೇರಲೇಬೇಡಿ. ಹೇರಿದರೆ ಎಲ್‌ಎಸ್ ಆದೇಶ ಕೂಡ ಓಡದೆ ಹೋದೀತು.

ಹಂತ 3: ಸೋರ್ಸ್ ಇದ್ದರೆ ಮತ್ತೆ ಕಟ್ಟಿ

ಪ್ರೋಗ್ರಾಂನ ಸೋರ್ಸ್ ಕೈಯಲ್ಲಿದ್ದರೆ ಹೊಸ ಓಪನ್‌ಎಸ್‌ಎಸ್‌ಎಲ್ ಜೊತೆಗೇ ಕಂಪೈಲ್ ಮಾಡಿ ನೋಡಿ. 1.1ರ ಹೆಚ್ಚಿನ ಫಂಕ್ಷನ್‌ಗಳು 3ರಲ್ಲೂ ಉಳಿದಿವೆ. ಬಳಕೆ ತಪ್ಪಿಸಿ ಎಂಬ ಎಚ್ಚರಿಕೆ ಬಂದರೂ ಕೆಲಸ ಆಗುತ್ತದೆ. ಬೈನರಿ ಮಾತ್ರ ಇದ್ದರೆ ಮುಂದಿನ ಹಂತಕ್ಕೆ ಹೋಗಿ.

ಹಂತ 4: ಹಳೆಯದನ್ನು ಬೇರೆ ಮನೆಯಲ್ಲಿಡಿ

1.1 ಸರಣಿಯಲ್ಲಿ ಸಾರ್ವಜನಿಕವಾಗಿ ಕೊನೆಗೆ ಬಂದದ್ದು 1.1.1ಡಬ್ಲ್ಯೂ. ಯೋಜನೆಯ ಅಧಿಕೃತ ತಾಣದಿಂದಲೇ ಇಳಿಸಿಕೊಂಡು, ಅಲ್ಲಿ ಕೊಟ್ಟಿರುವ ಚೆಕ್‌ಸಮ್‌ಗೆ ತಾಳೆ ನೋಡಿ. ಬಿಚ್ಚಿದ ಫೋಲ್ಡರಿನಲ್ಲಿ ‘ಕಾನ್ಫಿಗ್’ ಸ್ಕ್ರಿಪ್ಟ್ ಓಡಿಸುವಾಗ ನಾಲ್ಕು ಆಯ್ಕೆ ಕೊಡಿ:

1. ಪ್ರಿಫಿಕ್ಸ್: ಆಪ್ಟ್ ಫೋಲ್ಡರಿನೊಳಗೆ ಓಪನ್‌ಎಸ್‌ಎಸ್‌ಎಲ್-1.1 ಎಂಬ ಹೊಸ ಜಾಗ.
2. ಲಿಬ್‌ಡಿರ್: ‘ಲಿಬ್’.
3. ಓಪನ್‌ಎಸ್‌ಎಸ್‌ಎಲ್‌ಡಿರ್: ಅದೇ ಜಾಗದೊಳಗಿನ ‘ಎಸ್‌ಎಸ್‌ಎಲ್’ ಫೋಲ್ಡರ್.
4. ಶೇರ್ಡ್.

ಮೂರನೆಯ ಆಯ್ಕೆಗೆ ಸಿಸ್ಟಂನ ಇಟಿಸಿ ಒಳಗಿನ ಎಸ್‌ಎಸ್‌ಎಲ್ ಫೋಲ್ಡರನ್ನು ತೋರಿಸುವ ಆಸೆಯಾಗುತ್ತದೆ. ಆದರೆ ಅಲ್ಲಿರುವ ಕಾನ್ಫಿಗರೇಷನ್ ಫೈಲು ಆವೃತ್ತಿ 3ರದು. ಅದರಲ್ಲಿ ‘ಪ್ರೊವೈಡರ್ಸ್’ ವಿಭಾಗ ಚಾಲ್ತಿಯಲ್ಲಿದ್ದರೆ 1.1ಕ್ಕೆ ಅರ್ಥವಾಗದೆ ದೋಷ ಬರಬಹುದು.

ನಂತರ ಮೇಕ್, ಮೇಕ್ ಟೆಸ್ಟ್. ಪರೀಕ್ಷೆ ದಾಟಿದ ಮೇಲೆ ರೂಟ್ ಆಗಿ ‘ಮೇಕ್ ಇನ್‌ಸ್ಟಾಲ್’ ಬದಲು ‘ಮೇಕ್ ಇನ್‌ಸ್ಟಾಲ್ ಅಂಡರ್‌ಸ್ಕೋರ್ ಎಸ್‌ಡಬ್ಲ್ಯೂ’ ಕೊಡಿ. ಕೈಪಿಡಿ ಪುಟಗಳು ಬರುವುದಿಲ್ಲ. ಹೊಸ ಎಸ್‌ಎಸ್‌ಎಲ್ ಫೋಲ್ಡರನ್ನು ನೀವೇ ಮಾಡಿ, ಅದರೊಳಗೆ ಸಿಸ್ಟಂನ ‘ಸರ್ಟ್ಸ್’ ಫೋಲ್ಡರಿಗೆ ಸಿಮ್‌ಲಿಂಕ್ ಹಾಕಿ. ಪ್ರಮಾಣಪತ್ರಗಳಿಗೆ ಎರಡನೇ ಪ್ರತಿ ಬೇಡ.

ಹಂತ 5: ಬೇಕಾದವರಿಗಷ್ಟೇ ಕೊಡಿ

ಪ್ರೋಗ್ರಾಂಗೆ ಈ ಜಾಗ ತೋರಿಸಲು ಮೂರು ದಾರಿಗಳಿವೆ.

ಮೊದಲನೆಯದು ಪುಟ್ಟ ಶೆಲ್ ಸ್ಕ್ರಿಪ್ಟ್: ಎಲ್‌ಡಿ ಲೈಬ್ರರಿ ಪಾತ್ ವೇರಿಯಬಲ್‌ಗೆ ಹೊಸ ಲಿಬ್ ಫೋಲ್ಡರಿನ ವಿಳಾಸ ಕೊಟ್ಟು ‘ಎಕ್ಸ್‌ಪೋರ್ಟ್’ ಮಾಡಿ, ಮುಂದಿನ ಸಾಲಿನಲ್ಲಿ ಪ್ರೋಗ್ರಾಂ ಓಡಿಸುವುದು. ಹೊಸಬರಿಗೆ ಇದೇ ಸುಲಭ. ಆದರೆ ಈ ವೇರಿಯಬಲ್ಲನ್ನು ಲಾಗಿನ್ ಫೈಲಿನಲ್ಲಿ ಬರೆಯಬೇಡಿ. ಬರೆದರೆ ಎಲ್ಲ ಪ್ರೋಗ್ರಾಂಗಳಿಗೂ ಅಂಟಿಕೊಳ್ಳುತ್ತದೆ.

ಎರಡನೆಯದು ‘ಪ್ಯಾಚ್‌ಎಲ್ಫ್’ ಉಪಕರಣದಿಂದ ಬೈನರಿಯ ಒಳಗೇ ಆರ್‌ಪಾತ್ (ಲೈಬ್ರರಿ ಹುಡುಕುವ ವಿಳಾಸ) ಬರೆಯುವುದು. ಫೈಲೇ ಬದಲಾಗುವುದರಿಂದ ಮೂಲದ ಪ್ರತಿಯೊಂದನ್ನು ತೆಗೆದಿಡಿ.

ಮೂರನೆಯದು ಎಲ್‌ಡಿ.ಎಸ್‌ಒ.ಕಾನ್ಫ್ ಫೈಲಿಗೆ ವಿಳಾಸ ಸೇರಿಸಿ ‘ಎಲ್‌ಡಿಕಾನ್ಫಿಗ್’ ಓಡಿಸುವುದು. ಇದು ಇಡೀ ಸಿಸ್ಟಂಗೆ ಅನ್ವಯಿಸುತ್ತದೆ. ಹಲವು ಪ್ರೋಗ್ರಾಂಗಳಿಗೆ ಬೇಕಿದ್ದರಷ್ಟೇ ಬಳಸಿ.

ಪರೀಕ್ಷಿಸಲು ಎಲ್‌ಡಿ ಡೀಬಗ್ ವೇರಿಯಬಲ್‌ಗೆ ‘ಲಿಬ್ಸ್’ ಎಂದು ಕೊಟ್ಟು ಪ್ರೋಗ್ರಾಂ ಓಡಿಸಿ. ಯಾವ ಲೈಬ್ರರಿಯನ್ನು ಎಲ್ಲೆಲ್ಲಿ ಹುಡುಕಿತು, ಎಲ್ಲಿ ಸಿಕ್ಕಿತು ಎಂಬುದೆಲ್ಲ ಪರದೆಗೆ ಬರುತ್ತದೆ.

ಹಂತ 6: ಸೋರ್ಸ್ ಹೊಸದು, ಮುಖ ಹಳೆಯದು

ಎಲ್ಲಕ್ಕೂ ಹಳೆಯ ಸೋರ್ಸ್ ಹುಡುಕಬೇಕಿಲ್ಲ. ಟರ್ಮಿನಲ್ ಪರದೆಯ ಲೈಬ್ರರಿಯಾದ ಎನ್‌ಕರ್ಸಸ್ ಈಗ 6ರಲ್ಲಿದೆ, ಕೆಲವು ಬೈನರಿಗಳು 5ನ್ನು ಕೇಳುತ್ತವೆ. ಹೊಸ ಸೋರ್ಸನ್ನೇ ಎಬಿಐ ಆವೃತ್ತಿ 5 ಎಂಬ ಆಯ್ಕೆ ಕೊಟ್ಟು ಕಟ್ಟಿ, ಹುಟ್ಟಿದ 5ರ ಫೈಲುಗಳನ್ನಷ್ಟೇ ನಕಲಿಸಿದರೆ ಆಯಿತು. ಹಾಗೆಯೇ ಲಿಬ್‌ಕ್ರಿಪ್ಟ್‌ನ ಹಳೆಯ ಆವೃತ್ತಿ 1 ಬೇಕಾದರೆ ಲಿಬ್‌ಎಕ್ಸ್‌ಕ್ರಿಪ್ಟನ್ನು ‘ಅಬ್ಸಲೀಟ್ ಎಪಿಐ’ ಆಯ್ಕೆಗೆ ‘ಜಿಲಿಬ್‌ಸಿ’ ಎಂದು ಕೊಟ್ಟು ಕಟ್ಟಿ. ಎರಡೂ ಸೂಚನೆಗಳು ಎಲ್‌ಎಫ್‌ಎಸ್ ಪುಸ್ತಕದಲ್ಲೇ ಇವೆ. ಅವಸರದಲ್ಲಿ ಓದುವವರು ದಾಟಿಹೋಗುವ ಟಿಪ್ಪಣಿಗಳಲ್ಲಿ.

ಹಂತ 7: ಹೊಸ ಕಂಪೈಲರ್ ಮುನಿದರೆ

ಹಳೆಯ ಸೋರ್ಸ್ ಎಷ್ಟೋ ಸಲ ಹೊಸ ಜಿಸಿಸಿಗೆ ಒಗ್ಗುವುದಿಲ್ಲ. ಒಂದೇ ವೇರಿಯಬಲ್ ಎರಡು ಕಡೆ ಇದೆ ಎಂದು ಲಿಂಕರ್ ದೂರಿದರೆ, ಅದು 2020ರ ಜಿಸಿಸಿ 10ರಲ್ಲಿ ಆದ ಬದಲಾವಣೆ. ಸಿಫ್ಲ್ಯಾಗ್ಸ್‌ನಲ್ಲಿ ‘ಎಫ್‌ಕಾಮನ್’ ಸೇರಿಸಿ. ಘೋಷಿಸದ ಫಂಕ್ಷನ್ ಕರೆಯುವುದು ಮೊದಲು ಬರೀ ಎಚ್ಚರಿಕೆಯಾಗಿತ್ತು, 2024ರ ಜಿಸಿಸಿ 14ರಿಂದ ದೋಷವಾಗಿದೆ. ಸಿ ಭಾಷೆಯ ಮಾನದಂಡವನ್ನು ‘ಗ್ನು89’ ಎಂದು ಹೇಳಿದರೆ ಅದು ಸುಮ್ಮನಾಗಬಹುದು. ಇವನ್ನು ಆ ಒಂದು ಪ್ಯಾಕೇಜಿಗೆ ಮಾತ್ರ ಕೊಡಿ.

ಹಂತ 8: ಬರೆದಿಡಿ, ಕಾಲ ಬಂದಾಗ ಅಳಿಸಿ

ಲೈಬ್ರರಿಯ ಹೆಸರು, ಆವೃತ್ತಿ, ಕೊಟ್ಟ ಆಯ್ಕೆಗಳು, ಯಾವ ಪ್ರೋಗ್ರಾಂಗಾಗಿ ಎಂಬುದನ್ನು ಒಂದು ಫೈಲಿನಲ್ಲಿ ಬರೆದಿಡಿ. ಕೊನೆಯ ಬಳಕೆದಾರ ಪ್ರೋಗ್ರಾಂ ಹೋದ ದಿನ ಆಪ್ಟ್ ಒಳಗಿನ ಆ ಫೋಲ್ಡರನ್ನು ಅಳಿಸಿದರೆ ಮುಗಿಯಿತು. ಬೇರೆ ಮನೆ ಮಾಡಿದ್ದರ ಲಾಭ ಅದೇ.

ಒಂದು ಮಾತು ಮರೆಯಬೇಡಿ. ಓಪನ್‌ಎಸ್‌ಎಸ್‌ಎಲ್ 1.1.1ರ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರ್ 11ಕ್ಕೆ ನಿಂತಿದೆ; ಇನ್ನು ಸಿಗುವ ಭದ್ರತಾ ದೋಷಗಳಿಗೆ ಉಚಿತ ತೇಪೆ ಬರುವುದಿಲ್ಲ. ಇಂಟರ್‌ನೆಟ್‌ಗೆ ತೆರೆದುಕೊಂಡ ಸರ್ವರ್‌ಗೆ ಇದನ್ನು ಕಟ್ಟಬೇಡಿ. ಹಳೆಯ ಪ್ರೋಗ್ರಾಂಗೆ ಬದಲಿ ಸಿಗುವವರೆಗಿನ ತಾತ್ಕಾಲಿಕ ಏರ್ಪಾಡು ಎಂದಷ್ಟೇ ಬಳಸಿ.