ಸಪ್ಪೆಮೂತ್ರ ರೋಗವೂ ನಿರ್ಜಲ ಉಪವಾಸವೂ

ಅಷ್ಟಮಿ, ಚತುರ್ದಶಿ ಹಾಗೂ ದಶಲಕ್ಷಣ ಪರ್ವದ ದಿನಗಳಲ್ಲಿ ಉಪವಾಸವನ್ನು ಕೈಗೊಳ್ಳುವುದು ಶ್ರಾವಕ-ಶ್ರಾವಿಕೆಯರಲ್ಲಿ ರೂಢಿ. ಖಾದ್ಯ, ಸ್ವಾದ್ಯ, ಲೇಹ್ಯ, ಪೇಯವೆಂಬ ಚತುರ್ವಿಧ ಆಹಾರದ ತ್ಯಾಗವೇ ಉಪವಾಸವಾದುದರಿಂದ ಅಂದು ನೀರೂ ವರ್ಜ್ಯ. ಆರೋಗ್ಯವಂತನ ದೇಹವು ಮೂತ್ರವನ್ನು ತಗ್ಗಿಸಿಕೊಂಡು ಇದನ್ನು ತಾಳಿಕೊಳ್ಳುವುದು. ಡಯಾಬಿಟಿಸ್ ಇನ್ಸಿಪಿಡಸ್ ಎಂಬ ರೋಗವುಳ್ಳವರಿಗೆ ಆ ಸಾಮರ್ಥ್ಯವಿರುವುದಿಲ್ಲ.

ಇದು ಮಧುಮೇಹವಲ್ಲ. ಇಲ್ಲಿ ಮೂತ್ರದಲ್ಲಿ ಸಕ್ಕರೆಯಿರದು. 'ಇನ್ಸಿಪಿಡಸ್' ಎಂದರೆ ಸಪ್ಪೆ ಎಂದೇ ಅರ್ಥ. ಹೆಸರಿನ ಗೊಂದಲವನ್ನು ನೀಗಿಸಲು 2022ರಲ್ಲಿ ತಜ್ಞರು 'ವಾಸೊಪ್ರೆಸಿನ್ ಕೊರತೆ', 'ವಾಸೊಪ್ರೆಸಿನ್ ಪ್ರತಿರೋಧ' ಎಂಬ ಅರ್ಥದ ಹೊಸ ಹೆಸರುಗಳನ್ನು ಸೂಚಿಸಿದರು.

ವಾಸೊಪ್ರೆಸಿನ್ ಎಂಬುದು ಮೆದುಳಿನಲ್ಲಿ ಹುಟ್ಟಿ, ಪಿಟ್ಯೂಟರಿ ಗ್ರಂಥಿಯಲ್ಲಿ ಸಂಗ್ರಹವಾಗುವ ರಸ. ನೀರನ್ನು ಉಳಿಸುವಂತೆ ಮೂತ್ರಪಿಂಡಗಳಿಗೆ ತಿಳಿಸುವುದೇ ಅದರ ಕಾರ್ಯ. ತಲೆಯ ಪೆಟ್ಟು, ಗಡ್ಡೆ, ಶಸ್ತ್ರಚಿಕಿತ್ಸೆ ಮೊದಲಾದವುಗಳಿಂದ ಅದು ಕಡಿಮೆಯಾದರೆ ಮೊದಲನೆಯ ಬಗೆ. ರಸವಿದ್ದರೂ ಮೂತ್ರಪಿಂಡಗಳು ಅದಕ್ಕೆ ಓಗೊಡದಿದ್ದರೆ ಎರಡನೆಯದು. ಲಿಥಿಯಂ ಔಷಧವನ್ನು ದೀರ್ಘಕಾಲ ಸೇವಿಸುವುದು ಅದಕ್ಕೊಂದು ಕಾರಣ.

ದಿನಕ್ಕೆ 3 ಲೀಟರಿಗೂ ಮಿಗಿಲಾದ ತಿಳಿಯಾದ ಮೂತ್ರ, ರಾತ್ರಿಯಲ್ಲಿ ಪದೇ ಪದೇ ಏಳುವುದು, ತಣಿಯದ ಬಾಯಾರಿಕೆ ಇದರ ಲಕ್ಷಣಗಳು. ಸಕ್ಕರೆಯ ಪರೀಕ್ಷೆಯಲ್ಲಿ ದೋಷ ಕಾಣದಿದ್ದ ಮಾತ್ರಕ್ಕೆ ಮನೆಯವರು ನಿಶ್ಚಿಂತರಾಗಬಾರದು. ಈ ಬಾಯಾರಿಕೆಯನ್ನು ಮನೋದೌರ್ಬಲ್ಯವೆಂದು ಹಳಿಯುವುದಂತೂ ಸಲ್ಲದು.

ರೋಗನಿರ್ಣಯಕ್ಕಾಗಿ ವೈದ್ಯರು ಕೆಲವು ಗಂಟೆಗಳ ಕಾಲ ನೀರನ್ನು ನಿಲ್ಲಿಸಿ ನೋಡುವ ಪರೀಕ್ಷೆಯೊಂದುಂಟು. ಅದನ್ನು ಆಸ್ಪತ್ರೆಯಲ್ಲಿ, ತೂಕ, ಮೂತ್ರ ಹಾಗೂ ರಕ್ತದ ಸೋಡಿಯಂ ಪ್ರಮಾಣವನ್ನು ಅಳೆಯುತ್ತಲೇ ನಡೆಸುವರು. ತೂಕ ಮಿತಿಮೀರಿ ಇಳಿದರೆ ಕೂಡಲೇ ನಿಲ್ಲಿಸುವರು. ವೈದ್ಯರೇ ಇಷ್ಟು ಕಾವಲಿಟ್ಟು ಮಾಡುವುದನ್ನು, ರೋಗಿಯು ಮನೆಯಲ್ಲಿ ನಿರ್ಜಲ ಉಪವಾಸದ ಹೆಸರಿನಲ್ಲಿ ಇಡೀ ದಿನ ಕಾವಲಿಲ್ಲದೆ ಮಾಡಿದಂತಾಗುವುದು. ಸೋಡಿಯಂ ಏರಿ ಮಂಕು, ಸೆಳವು, ಪ್ರಾಣಾಪಾಯವೂ ಒದಗಬಹುದು.

ಮೊದಲನೆಯ ಬಗೆಗೆ ಡೆಸ್ಮೊಪ್ರೆಸಿನ್ ಮುಖ್ಯ ಔಷಧ. ಹಿಂದೆ ಪ್ರಾಣಿಗಳ ಗ್ರಂಥಿಗಳಿಂದ ತೆಗೆದ ಸಾರವನ್ನು ಕೊಡುತ್ತಿದ್ದರು. ಡೆಸ್ಮೊಪ್ರೆಸಿನ್ ಆದರೋ ರಸಾಯನ ವಿಧಾನದಿಂದ ತಯಾರಾದುದು. ಪರ್ವದ ದಿನವೆಂದು ಇದನ್ನು ತಾನಾಗಿ ನಿಲ್ಲಿಸಬಾರದು. ಔಷಧವಿರುವಾಗ ಬಾಯಾರಿಕೆಯನ್ನು ಮೀರಿ ನೀರು ಕುಡಿದರೆ ಸೋಡಿಯಂ ಕುಸಿಯುವುದು, ಅದೂ ಅಪಾಯವೇ. ಎರಡನೆಯ ಬಗೆಯಲ್ಲಿ ಮೂಲಕಾರಣದ ನಿವಾರಣೆ, ಉಪ್ಪಿನ ಮಿತಿ ಹಾಗೂ ಥಯಜೈಡ್ ಔಷಧಗಳು ನೆರವಾಗುವುವು.

ಹಾಗಾದರೆ ರೋಗಿಯು ತಪಸ್ಸಿನಿಂದ ವಂಚಿತನೇ? ಅಲ್ಲ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ, ತಪಸ್ಸುಗಳೆರಡಕ್ಕೂ 'ಶಕ್ತಿತಃ' ಎಂಬ ವಿಶೇಷಣವಿದೆ. ಇರುವ ಶಕ್ತಿಯನ್ನು ಮರೆಮಾಚಬಾರದು, ಇಲ್ಲದ ಶಕ್ತಿಯನ್ನು ನಟಿಸಲೂಬಾರದು. ದ್ವಾದಶ ತಪಗಳಲ್ಲಿ ಅನಶನವು ಒಂದು ಮಾತ್ರ. ವೈದ್ಯರ ಒಪ್ಪಿಗೆಯಂತೆ ಅವಮೌದರ್ಯ, ರಸಪರಿತ್ಯಾಗಗಳನ್ನೂ, ಯಾವ ಅಡ್ಡಿಯೂ ಇಲ್ಲದೆ ಸ್ವಾಧ್ಯಾಯ, ಧ್ಯಾನಗಳನ್ನೂ ಆತನು ಆಚರಿಸಬಹುದು. ರಾತ್ರಿಭೋಜನ ತ್ಯಾಗದ ನಿಯಮದಲ್ಲಿ ನೀರಿನ ಮಾತನ್ನು, ನಿಯಮ ಸ್ವೀಕರಿಸುವ ಮೊದಲೇ ಗುರುಗಳಲ್ಲಿ ಮುಚ್ಚುಮರೆಯಿಲ್ಲದೆ ನಿವೇದಿಸಿಕೊಳ್ಳಬೇಕು.

ಮನೆಮಂದಿಗೂ ಇಲ್ಲೊಂದು ತಪಸ್ಸುಂಟು. ಸೋಸಿ ಕಾಯಿಸಿದ ನೀರನ್ನು ರೋಗಿಯ ಕೈಗೆಟಕುವಂತೆ ಇರಿಸಿ, ಸಂಕೋಚವಿಲ್ಲದೆ ಕುಡಿಯುವಂತೆ ಮಾಡುವುದೇ ವೈಯಾವೃತ್ಯ.