ಹದಿನೇಳರ ಗಡಿ

ಕಳೆದ ಮಳೆಗಾಲದ ಒಂದು ಸಂಜೆ, ವಾಚನಾಲಯದ ಮೇಜಿನ ಮೇಲಿನ ಪತ್ರಿಕೆಗಳನ್ನು ಮಡಿಚಿ ಇಡುವ ಹೊತ್ತಿಗೆ, ನಮ್ಮ ಹಳೆಯ ಸದಸ್ಯರೊಬ್ಬರು ಬಂದು ಒಂದು ಅರ್ಜಿ ಬರೆದುಕೊಡಬೇಕೆಂದು ಕೇಳಿದರು. ಇವರು ಕುಂದಾಪುರದ ಕಡೆಯವರು. ಇಲ್ಲಿ ಮುಂಬಯಿಯ ಒಂದು ಕಚೇರಿಯ ಕ್ಯಾಂಟೀನಿನಲ್ಲಿ ಕೆಲಸ. ಮಗನಿಗೆ ಹದಿನಾಲ್ಕು ತುಂಬಿದೆ, ಫುಟ್‌ಬಾಲ್ ಚೆನ್ನಾಗಿ ಆಡುತ್ತಾನೆ. ಹದಿಮೂರರೊಳಗಿನವರ ತಂಡದಲ್ಲಾದರೆ ಅವನಿಗೆ ಜಾಗ ಖಂಡಿತ, ಹುಟ್ಟಿದ ತಾರೀಖಿನದೊಂದು ಹೊಸ ಕಾಗದ ಮಾಡಿಸಿಕೊಂಡು ಬನ್ನಿ ಎಂದು ಯಾರೋ ಇವರಿಗೆ ಹೇಳಿದ್ದರಂತೆ. "ಎಲ್ಲರೂ ಮಾಡಿಸುತ್ತಾರಂತೆ ಮಾರಾಯ್ರೇ. ನಾವೊಬ್ಬರು ಸುಮ್ಮನಿದ್ದರೆ ಹುಡುಗನಿಗೇ ನಷ್ಟವಲ್ಲವೇ?" ಎಂದರು.

ಆ ಅರ್ಜಿಯನ್ನು ನಾವು ಬರೆಯಲಿಲ್ಲ. ಆದರೆ ಹನ್ನೆರಡು ತಾಸು ದುಡಿದು ಬಂದ ಮನುಷ್ಯನಿಗೆ 'ಅದು ತಪ್ಪು' ಎಂದಷ್ಟೇ ಹೇಳಿ ಮನೆಗೆ ಕಳಿಸುವುದು ನ್ಯಾಯವಲ್ಲವೆಂದು ತೋರಿತು. ಎಳೆಯರ ಆಟದಲ್ಲಿ ವಯಸ್ಸನ್ನು ಯಾತಕ್ಕೆ ಇಷ್ಟು ಬಿಗಿಯಾಗಿ ಹಿಡಿಯುತ್ತಾರೆ, ಹೇಗೆ ಪರೀಕ್ಷಿಸುತ್ತಾರೆ ಎಂಬುದನ್ನು ಅವರೊಡನೆ ಎರಡು ಮೂರು ಸಂಜೆ ಕುಳಿತು ಮಾತಾಡಿದೆವು. ಆ ಮಾತುಗಳನ್ನೇ ಇಲ್ಲಿ ಪಾಠದ ರೂಪದಲ್ಲಿ ಬರೆದಿದ್ದೇವೆ. ಮಕ್ಕಳನ್ನು ಮೈದಾನಕ್ಕೆ ಕಳಿಸುವವರು ನಮ್ಮಲ್ಲಿ ಇನ್ನೂ ಅನೇಕರಿದ್ದಾರೆ.

ಫುಟ್‌ಬಾಲಿನ ಜಾಗತಿಕ ಸಂಸ್ಥೆಯಾದ ಫಿಫಾ ದೊಡ್ಡವರ ವಿಶ್ವಕಪ್ ಪಂದ್ಯಾವಳಿಯನ್ನು 1930ರಲ್ಲಿಯೇ ಆರಂಭಿಸಿತು. ಎಳೆಯರ ಸರದಿ ಬಂದದ್ದು ಬಹಳ ತಡವಾಗಿ. ಇಪ್ಪತ್ತರೊಳಗಿನವರ ಪಂದ್ಯಾವಳಿ 1977ರಲ್ಲಿ ಟ್ಯುನೀಶಿಯಾ ದೇಶದಲ್ಲೂ, ಅವರಿಗಿಂತ ಕಿರಿಯರದು 1985ರಲ್ಲಿ ಚೀನಾದಲ್ಲೂ ಮೊದಲಾದವು. ಕಿರಿಯರಿಗೆ ಆಗ ಗಡಿ ಹದಿನಾರು ವರ್ಷ. 1991ರಿಂದ ಅದನ್ನು ಹದಿನೇಳಕ್ಕೆ ಏರಿಸಿದರು. ಮೊದಲನೆಯ ಸಲ ಪಶ್ಚಿಮ ಜರ್ಮನಿಯನ್ನು ಸೋಲಿಸಿ ಗೆದ್ದದ್ದು ನೈಜೀರಿಯಾ. ಅಂದು 16 ತಂಡಗಳು ಆಡಿದ್ದವು, 2007ರಿಂದ 24, 2025ರಲ್ಲಿ ಕತಾರಿನಲ್ಲಿ 48.

ಈ ಪಂದ್ಯಾವಳಿ ನಮ್ಮ ದೇಶಕ್ಕೆ ಬಂದದ್ದು 2017ರ ಅಕ್ಟೋಬರ್ 6ರಿಂದ 28ರ ವರೆಗೆ. ದಿಲ್ಲಿ, ನವಿ ಮುಂಬಯಿ, ಗೋವ, ಕೊಚ್ಚಿ, ಗುವಾಹಟಿ, ಕೊಲ್ಕತ್ತ ಎಂಬ ಆರು ಕಡೆ 52 ಆಟಗಳು ನಡೆದವು. ಮೈದಾನಕ್ಕೆ ಬಂದು ನೋಡಿದವರ ಲೆಕ್ಕ 13 ಲಕ್ಷ 47 ಸಾವಿರ. ಅಲ್ಲಿಯ ತನಕ ಚೀನಾ ದೇಶದ ಹೆಸರಿನಲ್ಲಿದ್ದ ದಾಖಲೆ ಇದರಿಂದ ಅಳಿಯಿತು. ನಮ್ಮಲ್ಲಿ ಕೆಲವರು ಹಾರ್ಬರ್ ಲೈನಿನ ಗಾಡಿ ಹಿಡಿದು ನೆರೂಳಿಗೆ ಹೋಗಿ, ಸ್ಪೇನ್ ತಂಡ ಮಾಲಿಯನ್ನು 3-1ರಿಂದ ಸೋಲಿಸಿದ ಸೆಮಿಫೈನಲ್ ನೋಡಿ ಬಂದೆವು. ಕೊಲ್ಕತ್ತದ ಫೈನಲಿನಲ್ಲಿ ಅದೇ ಸ್ಪೇನ್ ಎರಡು ಗೋಲು ಮುಂದಿದ್ದೂ ಇಂಗ್ಲೆಂಡಿಗೆ 5-2ರಿಂದ ಸೋತಿತು. ಅಂದು ಇಂಗ್ಲೆಂಡಿನ ಪರವಾಗಿ ಗೋಲು ಹೊಡೆದ ಫಿಲ್ ಫೋಡನ್, ಮಾರ್ಕ್ ಗೇಹಿ ಎಂಬ ಹುಡುಗರು 2024ರ ಯೂರೋಪ್ ಕಪ್ಪಿನ ಫೈನಲಿನಲ್ಲಿ ದೊಡ್ಡವರ ತಂಡದಲ್ಲಿ ಆಡಿದರು. ಈ ಪಂದ್ಯಾವಳಿಯ ಬೆಲೆ ಇರುವುದು ಇಲ್ಲಿಯೇ. ನಾಳೆಯ ಆಟಗಾರ ಯಾರೆಂದು ಗುರುತಿಸುವ ಕಟ್ಟೆ ಇದು. ಕಪ್ಪು ಯಾರ ಕೈಗೆ ಹೋಯಿತೆಂಬುದು ಆಮೇಲಿನ ಮಾತು.

ಭಾರತ ಆತಿಥೇಯ ರಾಷ್ಟ್ರವಾದ್ದರಿಂದ ನಮ್ಮ ಹುಡುಗರಿಗೆ ನೇರವಾಗಿ ಪ್ರವೇಶ ದೊರೆಯಿತು. ಫಿಫಾದ ವಿಶ್ವಕಪ್ ಪಂದ್ಯಾವಳಿಯಲ್ಲಿ ಭಾರತದ ತಂಡವೊಂದು ಆಡಿದ್ದು ಅದೇ ಮೊದಲು. ದಿಲ್ಲಿಯಲ್ಲಿ ಮೂರು ಆಟ, ಮೂರರಲ್ಲೂ ಸೋಲು: ಅಮೆರಿಕಕ್ಕೆ 3-0, ಕೊಲಂಬಿಯಾಕ್ಕೆ 2-1, ಘಾನಾಕ್ಕೆ 4-0. ಆದರೂ ಅಕ್ಟೋಬರ್ 9ರ ರಾತ್ರಿ ಕೊಲಂಬಿಯಾದ ಎದುರು 82ನೆಯ ನಿಮಿಷದಲ್ಲಿ ನಡೆದದ್ದನ್ನು ಹೇಳದೆ ಮುಂದೆ ಹೋಗಲಾರೆವು. ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್ ಮೂಲೆಯಿಂದ ಚೆಂಡನ್ನು ಎತ್ತಿ ಒದೆದ. ಮಣಿಪುರದ ಜೀಕ್ಸನ್ ಸಿಂಗ್ ಎಲ್ಲರಿಗಿಂತ ಮೇಲೆ ಹಾರಿ ಅದನ್ನು ತಲೆಯಿಂದ ಬಲೆಗೆ ತಳ್ಳಿದ. ವಿಶ್ವಕಪ್ಪಿನಲ್ಲಿ ಭಾರತದ ಮೊದಲ ಗೋಲು! ಕ್ರೀಡಾಂಗಣವೆಲ್ಲ ಎದ್ದು ನಿಂತು ಕೂಗುತ್ತಿರುವಾಗಲೇ, ಮರು ನಿಮಿಷದಲ್ಲಿ ಕೊಲಂಬಿಯಾ ಇನ್ನೊಂದು ಗೋಲು ಹಾಕಿ ಗೆದ್ದುಬಿಟ್ಟಿತು. ಸಂತೋಷಪಡಲು ಒಂದು ನಿಮಿಷವನ್ನಾದರೂ ಪೂರಾ ಕೊಡಲಿಲ್ಲ.

ಈ ಹುಡುಗರು ಯಾರ ಮನೆಯವರೆಂದು ಆಗಿನ ಪತ್ರಿಕೆಗಳಲ್ಲಿ ಓದಿದ್ದನ್ನು ನಾವು ನಮ್ಮ ಸದಸ್ಯರಿಗೆ ಹೇಳಿದೆವು. ಸಂಜೀವನ ತಾಯಿ ಬೆಂಗಳೂರಿನಲ್ಲಿ ರಸ್ತೆ ಬದಿಯಲ್ಲಿ ಬಟ್ಟೆ ಮಾರುತ್ತಿದ್ದವರು. ನಾಯಕ ಅಮರ್‌ಜಿತ್ ಸಿಂಗನ ತಂದೆ ಬೇಸಾಯದ ಜೊತೆಗೆ ಮರಗೆಲಸ ಮಾಡುವವರು, ತಾಯಿ ಮೀನು ಮಾರುವವರು. ಜೀಕ್ಸನನ ತಾಯಿ ಇಂಫಾಲದ ಮಾರುಕಟ್ಟೆಯಲ್ಲಿ ತರಕಾರಿ ಮಾರುತ್ತಿದ್ದರು. ಸಿಕ್ಕಿಮಿನ ಕೋಮಲ್ ಥಟಾಲನ ತಂದೆ ತಾಯಿ ಇಬ್ಬರೂ ದರ್ಜಿಗಳು. ಕೊಲ್ಹಾಪುರದ ಅನಿಕೇತ್ ಜಾಧವನ ತಂದೆ ಆಟೋ ಓಡಿಸುವವರು. ಸಂಜೀವ, ಅಮರ್‌ಜಿತ್, ಜೀಕ್ಸನ್ ಮೂವರೂ ಎಳವೆಯಲ್ಲಿಯೇ ಮನೆ ಬಿಟ್ಟು ಚಂಡೀಗಢದ ಅಕಾಡೆಮಿಗೆ ಹೋಗಿ ಆಟ ಕಲಿತವರು. ಇದನ್ನು ಕೇಳಿ ನಮ್ಮ ಸದಸ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಮ್ಮಂಥವರ ಮಕ್ಕಳೇ" ಎಂದರು. ಹೌದು. ತಂಡದಲ್ಲಿದ್ದ ಜಾಗಗಳು 21. ವಯಸ್ಸು ಮೀರಿದವನೊಬ್ಬ ಅಲ್ಲಿ ನುಸುಳಿದರೆ ಹೊರಗೆ ಉಳಿಯುವವನು ಇಂಥ ಮನೆಯ ಹುಡುಗನೇ.

ಇನ್ನು ವಯಸ್ಸಿನ ವಿಚಾರ. 2017ರ ಪಂದ್ಯಾವಳಿಗೆ 2000ದ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಮಾತ್ರ ಅರ್ಹರು. 1999ರ ಡಿಸೆಂಬರ್ 31ರಂದು ಹುಟ್ಟಿದವನಿಗೆ ಅವಕಾಶವಿಲ್ಲ. ಒಂದು ದಿನಕ್ಕೆ ಇಷ್ಟು ಕಟ್ಟುನಿಟ್ಟೇ ಎಂದು ಕೇಳಬಹುದು. ಗೆರೆಯನ್ನು ಎಲ್ಲಾದರೂ ಎಳೆಯಲೇಬೇಕು. ಆ ಪ್ರಾಯದಲ್ಲಿ ಒಂದು ವರ್ಷವೆಂದರೆ ಎಷ್ಟೆಂಬುದನ್ನು ಮಕ್ಕಳಿರುವ ಮನೆಯವರು ಬಲ್ಲರು. ಜೂನಿನಲ್ಲಿ ಹೊಲಿಸಿದ ಶಾಲೆಯ ಚಡ್ಡಿ ದೀಪಾವಳಿಗೆ ಗಿಡ್ಡವಾಗುತ್ತದೆ. ಕಾನೂನಿನ ಪ್ರಕಾರವೇ ಆಯ್ಕೆಯಾದ ತಂಡಗಳಲ್ಲೂ ಜನವರಿ, ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿರುತ್ತಾರೆಂದು ಸಂಶೋಧಕರು ಬಹಳ ಕಾಲದಿಂದ ಕಂಡಿದ್ದಾರೆ. ಕೆಲವೇ ತಿಂಗಳು ದೊಡ್ಡವನಾದ ಹುಡುಗ ಎತ್ತರವಾಗಿ ಬಲವಾಗಿ ಕಾಣುತ್ತಾನೆ, ಆರಿಸುವವರ ಕಣ್ಣಿಗೆ ಬೀಳುತ್ತಾನೆ. ಹೀಗಿರುವಾಗ ಎರಡು ವರ್ಷ ಕದ್ದವನ ಎದುರು ನಿಂತ ಹುಡುಗನ ಪಾಡೇನು?

ಕದ್ದವರು ಸಣ್ಣವರೇ ಆಗಿರಬೇಕೆಂದಿಲ್ಲ. 1988ರಲ್ಲಿ ಮೆಕ್ಸಿಕೊ ದೇಶದ ಸಂಸ್ಥೆಯೇ ಸಿಕ್ಕಿಬಿದ್ದಿತು. ಇಪ್ಪತ್ತರೊಳಗಿನವರ ಅರ್ಹತಾ ಪಂದ್ಯಗಳಲ್ಲಿ ಅದು ವಯಸ್ಸು ಮೀರಿದ ನಾಲ್ವರನ್ನು ಆಡಿಸಿತ್ತು. ಗುಟ್ಟು ಬಯಲಾದ ಬಗೆ ತಮಾಷೆಯದು. ಆ ಸಂಸ್ಥೆಯೇ ಅಚ್ಚು ಹಾಕಿಸಿದ ವಾರ್ಷಿಕ ಪುಸ್ತಕದಲ್ಲಿ ಆ ಆಟಗಾರರ ನಿಜವಾದ ವಯಸ್ಸು ಇತ್ತು. ಪತ್ರಕರ್ತರೊಬ್ಬರು ಅದನ್ನು ಓದಿ ತಾಳೆ ನೋಡಿದರು. ಶಿಕ್ಷೆ ಮಾತ್ರ ತಮಾಷೆಯದಾಗಿರಲಿಲ್ಲ. ಮೆಕ್ಸಿಕೊದ ಎಲ್ಲ ತಂಡಗಳಿಗೂ ಎರಡು ವರ್ಷ ಬಹಿಷ್ಕಾರ. ಏನೂ ತಿಳಿಯದ ದೊಡ್ಡವರ ತಂಡಕ್ಕೆ 1990ರ ವಿಶ್ವಕಪ್ ತಪ್ಪಿಹೋಯಿತು. ಮರುವರ್ಷ ಇಂಥದೇ ಕಾರಣಕ್ಕೆ ನೈಜೀರಿಯಾಕ್ಕೂ ಶಿಕ್ಷೆಯಾಯಿತು. ಒಂದೇ ಆಟಗಾರನಿಗೆ ಬೇರೆ ಬೇರೆ ಪಂದ್ಯಾವಳಿಗಳಲ್ಲಿ ಬೇರೆ ಬೇರೆ ಹುಟ್ಟಿದ ತಾರೀಖು ಕೊಟ್ಟದ್ದು ದಾಖಲೆಗಳಲ್ಲೇ ಕಂಡುಬಂದಿತ್ತು. ಸುಳ್ಳು ಹೇಳುವವನಿಗೆ ನೆನಪು ಚೆನ್ನಾಗಿರಬೇಕು.

ಕಾಗದವನ್ನು ನಂಬಲಾಗದು ಎಂದಾದ ಮೇಲೆ ಫಿಫಾದ ವೈದ್ಯರು ಶರೀರವನ್ನೇ ಕೇಳುವ ಉಪಾಯ ಹುಡುಕಿದರು. ನಮ್ಮ ಮುಂಗೈಯಲ್ಲಿ ಎರಡು ಉದ್ದನೆಯ ಎಲುಬುಗಳಿವೆ. ಹೆಬ್ಬೆರಳಿನ ಕಡೆಗಿರುವ ಎಲುಬಿನ ತುದಿಯಲ್ಲಿ, ಮಣಿಕಟ್ಟಿನ ಹತ್ತಿರ, ಬೆಳೆಯುವ ವಯಸ್ಸಿನಲ್ಲಿ ಮೃದುವಾದ ಒಂದು ಪಟ್ಟಿ ಇರುತ್ತದೆ; ಎಲುಬು ಉದ್ದವಾಗುವುದು ಅಲ್ಲಿಂದಲೇ. ಎಳನೀರಿನೊಳಗಿನ ಗಂಜಿ ಬರಬರುತ್ತ ಗಟ್ಟಿಕಾಯಿಯಾಗುವಂತೆ, ಆ ಪಟ್ಟಿಯೂ ಕ್ರಮೇಣ ಗಟ್ಟಿಯಾಗಿ, ಕೊನೆಗೆ ಎಲುಬಿನ ಎರಡು ಭಾಗಗಳೂ ಕೂಡಿ ಒಂದಾಗುತ್ತವೆ. ಆಮೇಲೆ ಆ ಎಲುಬು ಉದ್ದವಾಗುವುದಿಲ್ಲ. ಕ್ಷಕಿರಣದಿಂದಲೂ ಇದನ್ನು ನೋಡಬಹುದು. ಆದರೆ ರೋಗವಿಲ್ಲದ ಮಕ್ಕಳ ಮೇಲೆ ಬರೀ ಆಟಕ್ಕೋಸ್ಕರ ಆ ಕಿರಣ ಹಾಯಿಸುವುದು ಸರಿಯಲ್ಲ. ಅದಕ್ಕೆ ಅಯಸ್ಕಾಂತದ ಬಲದಿಂದ ಒಳಗಿನ ಚಿತ್ರ ತೆಗೆಯುವ ಎಂ.ಆರ್.ಐ. ಯಂತ್ರವನ್ನು ಆರಿಸಿದರು. ಸ್ವಿಟ್ಜರ್‌ಲೆಂಡ್, ಮಲೇಷ್ಯಾ, ಅಲ್ಜೀರಿಯಾ, ಅರ್ಜೆಂಟೀನ ದೇಶಗಳ, 14ರಿಂದ 19 ವರ್ಷದ 496 ಹುಡುಗರ ಮುಂಗೈಗಳನ್ನು ಪರೀಕ್ಷಿಸಿ, ಎಲುಬು ಕೂಡುವುದನ್ನು ಆರು ಹಂತಗಳಾಗಿ ವಿಂಗಡಿಸಿ 2007ರಲ್ಲಿ ಪ್ರಕಟಿಸಿದರು. ಆರನೆಯ ಹಂತವೆಂದರೆ ಪೂರಾ ಕೂಡಿಕೊಂಡದ್ದು. ಅಂಥ ಹುಡುಗ ಹದಿನೇಳು ದಾಟಿದವನೆಂದು ನೂರಕ್ಕೆ 99 ಪಾಲು ಹೇಳಬಹುದೆಂದು ಅವರ ಅಭಿಪ್ರಾಯ.

2009ರಲ್ಲಿ ನೈಜೀರಿಯಾದಲ್ಲಿ ನಡೆದ ಪಂದ್ಯಾವಳಿಯಿಂದ ಈ ಪರೀಕ್ಷೆ ಜಾರಿಗೆ ಬಂತು. ಆಗ ಆತಿಥೇಯ ದೇಶವೇ ತನ್ನ ತಂಡದ ಹಲವು ಹುಡುಗರನ್ನು ಕೈಬಿಟ್ಟು ಹೊಸಬರನ್ನು ಸೇರಿಸಿಕೊಳ್ಳಬೇಕಾಯಿತು. ಆ ಹೊಸಬರೇ ಫೈನಲಿನ ತನಕ ಹೋದರು ಎಂಬುದನ್ನೂ ಹೇಳಬೇಕು. ಜಾಗ ಸಿಗದೆ ಹೊರಗಿದ್ದವರು ಆಟದಲ್ಲಿ ಕಡಿಮೆಯವರಾಗಿರಲಿಲ್ಲ.

ಆದರೆ ಎಲುಬು ಪಂಚಾಂಗವಲ್ಲ. ಈ ಪರೀಕ್ಷೆಯಿಂದ ಹುಟ್ಟಿದ ತಾರೀಖು ತಿಳಿಯುವುದಿಲ್ಲ. ಗೆರೆ ದಾಟಿದನೋ ಇಲ್ಲವೋ ಎಂಬುದು ಮಾತ್ರ ತಿಳಿಯುತ್ತದೆ. ನಿಧಾನವಾಗಿ ಬೆಳೆಯುವವನು ಹದಿನೆಂಟಾದರೂ ಪಾಸಾಗಬಹುದು. ಬೇಗ ಬೆಳೆದವನೊಬ್ಬ ನಿಜವಾದ ವಯಸ್ಸು ಹೇಳಿಯೂ ಹೊರಬೀಳಬಹುದು. ನೂರಕ್ಕೆ ಒಬ್ಬನೆಂದರೂ ಆ ಒಬ್ಬನಿಗೆ ಅದು ಪೂರ್ತಿ ಅನ್ಯಾಯವೇ. ಹುಡುಗಿಯರಲ್ಲಂತೂ ಎಲುಬು ಬೇಗ ಕೂಡುವುದರಿಂದ ಈ ಅಳತೆ ಅವರಿಗೆ ಒಪ್ಪುವುದಿಲ್ಲ. 2022ರಲ್ಲಿ ಹದಿನೇಳರೊಳಗಿನ ಹುಡುಗಿಯರ ವಿಶ್ವಕಪ್ ನಮ್ಮ ದೇಶದಲ್ಲಿ ನಡೆದು, ನವಿ ಮುಂಬಯಿಯ ಫೈನಲಿನಲ್ಲಿ ಸ್ಪೇನ್ ಕೊಲಂಬಿಯಾವನ್ನು 1-0ರಿಂದ ಸೋಲಿಸಿತು. ಅಂಥ ಕಡೆ ಕಾಗದವನ್ನೇ ನಂಬಬೇಕು. ಹುಡುಗರಲ್ಲೂ ಹದಿಮೂರು, ಹದಿನೈದರ ತಂಡಗಳಿಗೆ ಹದಿನೇಳರ ಈ ಅಳತೆ ಸಲ್ಲುವುದಿಲ್ಲ.

ಇಲ್ಲಿಗೆ ಮಾತು ನಮ್ಮ ಮನೆಬಾಗಿಲಿಗೇ ಬಂತು. ನಮ್ಮ ಹಿರಿಯರಲ್ಲಿ ಎಷ್ಟು ಜನರ ಹುಟ್ಟಿದ ತಾರೀಖು ಜೂನ್ 1 ಎಂಬುದನ್ನು ಎಣಿಸಿ ನೋಡಿರಿ. ಊರಿಗೆಲ್ಲ ಒಂದೇ ದಿನ ಹೆರಿಗೆಯಾಗಿತ್ತೆಂದಲ್ಲ. ಶಾಲೆ ಸೇರಿಸುವ ದಿನ ತಂದೆ ತಾರೀಖು ಹೇಳಲಾರದೆ ನಿಂತಾಗ ಮೇಷ್ಟ್ರು ತಾವೇ ಬರೆದುಕೊಂಡದ್ದು ಅದು. ಹನ್ನೆರಡರ ಹುಡುಗ ಊರು ಬಿಟ್ಟು ಇಲ್ಲಿಗೆ ಬಂದು, ಹೋಟೆಲಿನಲ್ಲಿ ಕೆಲಸ ಸಿಗಲೆಂದು ಹದಿನಾರು ಎಂದು ಹೇಳಿದ್ದುಂಟು. ಹೊಟ್ಟೆಪಾಡಿಗೆ ವಯಸ್ಸನ್ನು ಏರಿಸಿ ಹೇಳಿದವರ ಮಕ್ಕಳಿಗೆ ಈಗ ಆಟಕ್ಕಾಗಿ ಇಳಿಸಿ ಹೇಳುವ ಆಸೆ ಬಂದಿದೆ. ನಾವು ಯಾರನ್ನೂ ಹೀಯಾಳಿಸುತ್ತಿಲ್ಲ. ಆದರೆ ಇಂದು ಒಂದು ಕಾಗದದಲ್ಲಿ ಇಳಿಸಿದ ಎರಡು ವರ್ಷ ನಾಳೆ ಶಾಲೆಯ ದಾಖಲೆ, ಆಧಾರ್, ಪಾಸ್‌ಪೋರ್ಟು ಎಲ್ಲದರೊಡನೆ ಜಗಳವಾಡುತ್ತದೆ. ಅದಲ್ಲದೆ, ತನಗಿಂತ ಚಿಕ್ಕವರನ್ನು ಮೈಬಲದಿಂದ ತಳ್ಳಿ ಗೆಲ್ಲಲು ಕಲಿತ ಹುಡುಗ ಇಪ್ಪತ್ತರಲ್ಲಿ ಸರಿಸಮಾನರ ಎದುರು ನಿಂತಾಗ ಕೈಯಲ್ಲಿ ವಿದ್ಯೆ ಇಲ್ಲದೆ ನಿಲ್ಲಬೇಕಾಗುತ್ತದೆ.

ಕಾನೂನು ಹೀಗಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ, ಮಗು ಹುಟ್ಟಿದ 21 ದಿನಗಳೊಳಗೆ ತಿಳಿಸಿದರೆ ನೋಂದಣಿಗೆ ಶುಲ್ಕವಿಲ್ಲ. 30 ದಿನಗಳ ತನಕ ತಡವಾದ ಶುಲ್ಕ ಕೊಡಬೇಕು. ಆಮೇಲೆ ಒಂದು ವರ್ಷದ ತನಕ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ನಮ್ಮಂಥ ಪರಊರಿನವರು ಮುಖ್ಯವಾಗಿ ತಿಳಿಯಬೇಕಾದದ್ದೆಂದರೆ, ನೋಂದಣಿ ಆಗುವುದು ಮಗು ಹುಟ್ಟಿದ ಊರಿನಲ್ಲಿ. ಮನೆಯವರು ಬಾಣಂತನಕ್ಕೆ ತವರಿಗೆ ಹೋಗಿ ಅಲ್ಲಿ ಹೆರಿಗೆಯಾದರೆ ಮುಂಬಯಿಯ ಮುನಿಸಿಪಾಲಿಟಿಯಲ್ಲಿ ಹುಡುಕಿ ಪ್ರಯೋಜನವಿಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗಂತೂ ಶಾಲೆಗೆ ಸೇರಲು, ಮತದಾರರ ಪಟ್ಟಿಗೆ, ಸರಕಾರಿ ನೌಕರಿಗೆ ಈ ಪತ್ರವೇ ಆಧಾರ.

ಇಷ್ಟೆಲ್ಲ ಆದ ಮೇಲೆ, ಹುಡುಗನ ಹಳೆಯ ಜನನ ಪತ್ರವನ್ನು ತನ್ನಿ, ನೋಡೋಣ ಎಂದೆವು. ತಂದರು. ತಾರೀಖು ಸರಿಯಾಗಿತ್ತು, ತಂದೆ ತಾಯಿಯ ಹೆಸರುಗಳಿದ್ದವು. ಹುಡುಗನ ಹೆಸರಿನ ಜಾಗ ಮಾತ್ರ ಖಾಲಿ. ಆಸ್ಪತ್ರೆಯಿಂದ ಬರುವಾಗ ನಾಮಕರಣವಾಗಿರಲಿಲ್ಲ, ಆಮೇಲೆ ಯಾರೂ ಆ ಕಡೆ ನೋಡಿರಲಿಲ್ಲ. ಹೆಸರು ಸೇರಿಸಲು ನೋಂದಣಿಯಾದ ದಿನದಿಂದ 15 ವರ್ಷಗಳ ಗಡುವು ಇದೆ; ಇವರಿಗೆ ಉಳಿದಿದ್ದದ್ದು ಏಳು ತಿಂಗಳು. ಆ ಅರ್ಜಿಯನ್ನು ಅಂದೇ ರಾತ್ರಿ ಬರೆದುಕೊಟ್ಟೆವು. ಅವರು ಚೌತಿಗೆ ಊರಿಗೆ ಹೋದಾಗ ಎರಡು ದಿನ ಹೆಚ್ಚು ರಜೆ ಹಾಕಿ ಕೆಲಸ ಮುಗಿಸಿಕೊಂಡು ಬಂದರು. ಹುಡುಗ ಹದಿನೈದರೊಳಗಿನವರ ಆಯ್ಕೆಗೆ ಹೋದ. ಮೊದಲ ಸುತ್ತಿನಲ್ಲಿಯೇ ಕೈಬಿಟ್ಟರು. ತಂದೆಗೆ ನಮ್ಮ ಮೇಲೆ ಇನ್ನೂ ಸ್ವಲ್ಪ ಮುನಿಸು ಉಂಟು. ಹುಡುಗನಿಗೆ ಇದ್ದಂತಿಲ್ಲ, ಭಾನುವಾರ ಬೆಳಿಗ್ಗೆ ಚೆಂಡು ಹಿಡಿದುಕೊಂಡು ವಾಚನಾಲಯದ ಮುಂದೆಯೇ ಹಾದುಹೋಗುತ್ತಾನೆ.